ಒಂದೇ ಕೃತ್ಯಕ್ಕೆ ಎರಡು ಹೆಸರು

ಹೆಸರಿಡುವ ಅಧಿಕಾರವು ಗೆದ್ದವನೊಬ್ಬನದೇ ಆದರೆ ಇತಿಹಾಸಕ್ಕೂ ಹೊಗಳುಭಟ್ಟರ ಪಾಠಕ್ಕೂ ಭೇದವೇನು? 1812ರ ಆಗಸ್ಟ್ 15ರಂದು, ಇಂದು ಶಿಕಾಗೋ ನಗರವಿರುವೆಡೆ, ಡಿಯರ್‌ಬಾರ್ನ್ ಕೋಟೆಯನ್ನು ತೆರವುಮಾಡಿ ಹೊರಟ ಅಮೆರಿಕದ ಸೈನಿಕರನ್ನೂ ಅವರ ಕುಟುಂಬಗಳನ್ನೂ ಮೂಲನಿವಾಸಿಗಳಾದ ಪೊಟವಾಟಮಿಗಳು ಅಡ್ಡಗಟ್ಟಿದರು. ಮಡಿದವರು 50ಕ್ಕೂ ಮಿಕ್ಕು. ಅವರಲ್ಲಿ ಶಿಶುಗಳೂ ಇದ್ದರು. ಗ್ರಂಥಕರ್ತರು ಇದನ್ನು ‘ಹತ್ಯಾಕಾಂಡ’ವೆಂದರು. ಶಿಶುವಧೆಯನ್ನು ಯಾವ ಧರ್ಮವೂ ಸಮರ್ಥಿಸದು.

ಆದರೆ ಅದೇ ಅಕ್ಟೋಬರಿನಲ್ಲಿ ಇಲಿನಾಯ್ ಪ್ರಾಂತದ ಗವರ್ನರ್ ನಿನಿಯನ್ ಎಡ್ವರ್ಡ್ಸನು ಪಿಯೋರಿಯಾ ಸರೋವರದ ಬಳಿಯ ಕಿಕಾಪೂ ಹಾಗೂ ಪೊಟವಾಟಮಿ ಗ್ರಾಮಗಳನ್ನು ಧಾನ್ಯಸಹಿತವಾಗಿ ಸುಡಿಸಿದನು. ಅದಕ್ಕೆ ಮಾತ್ರ ‘ದಂಡಯಾತ್ರೆ’ಯೆಂಬ ಗೌರವನಾಮ! ಬೂದಿಯಾದ ಊರುಗಳಲ್ಲಿ ಬ್ಲ್ಯಾಕ್ ಪಾರ್ಟ್ರಿಜ್ ಎಂಬ ಮುಖಂಡನದೂ ಒಂದು. ಡಿಯರ್‌ಬಾರ್ನಿನಲ್ಲಿ ಸೇನಾಧಿಕಾರಿಯೊಬ್ಬನ ಪತ್ನಿಯ ಪ್ರಾಣವನ್ನುಳಿಸಿದವನೆಂದು ಅಮೆರಿಕನ್ನರೇ ಕೊಂಡಾಡಿದ ಪುರುಷನು ಅವನೇ.

ಅದು ಪ್ರತೀಕಾರವಷ್ಟೇ ಎಂದು ಕೆಲವರು ಸಮಾಧಾನ ಹೇಳುವರು. ಹಾಗಾದರೆ 1811ರ ನವೆಂಬರಿನಲ್ಲಿ ಈ ಜನರೂ ನೆರೆದಿದ್ದ ಪ್ರಾಫೆಟ್ಸ್‌ಟೌನನ್ನು ಅಮೆರಿಕದ ಸೇನೆ ಸುಟ್ಟಿತ್ತಲ್ಲವೆ? ಆ ಸಮಾಧಾನವು ಪೊಟವಾಟಮಿಗಳಿಗೇಕೆ ಸಲ್ಲದು?

2009ರಲ್ಲಿ ಶಿಕಾಗೋದ ಉದ್ಯಾನವೊಂದಕ್ಕೆ ‘ಡಿಯರ್‌ಬಾರ್ನ್ ಕೋಟೆಯ ಯುದ್ಧ’ದ ಹೆಸರನ್ನಿಟ್ಟರು. ಅದು ಅರ್ಧ ತಿದ್ದುಪಡಿ. ಒಂದನ್ನು ಯುದ್ಧವೆಂದರೆ ಸಾಲದು; ಇನ್ನೊಂದನ್ನು ಗ್ರಾಮದಹನವೆಂದೇ ಬರೆಯಬೇಕು. ಒಂದೇ ತಕ್ಕಡಿಯಲ್ಲಿ ತೂಗದ ಮಾತು ಇತಿಹಾಸವೆನಿಸದು.