ಆತ್ಮಕಥೆಯನ್ನು ಇಡಿಯಾಗಿ ಓದಿರಿ

ಈಚೆಗೆ ಹಿರಿಯ ಭಕ್ತರೊಬ್ಬರು ನಮ್ಮ ಪ್ರಸಾದನಿಲಯದ ವಾಚನಾಲಯವನ್ನು ನೋಡಿ ಬಂದು, ಗಾಂಧೀಜಿಯವರ ಆತ್ಮಕಥೆಯ ಮೊದಲ ಭಾಗವನ್ನು ಎಳೆಯರ ಕೈಗೆ ಕೊಡಬಾರದೆಂದು ಸೂಚಿಸಿದರು. ಮಾಂಸಾಹಾರ, ಧೂಮಪಾನ, ಕಳವು, ಇವೆಲ್ಲ ಮಕ್ಕಳಿಗೇಕೆ? ಸಾರಸಂಗ್ರಹವೊಂದನ್ನು ತರಿಸಿದರೆ ಸಾಲದೆ? ಕೇಳಿದ್ದು ಸದುದ್ದೇಶದಿಂದಲೇ. ಆದರೆ ಈ ಸದುದ್ದೇಶವೇ ನಮ್ಮಲ್ಲಿ ಮಹನೀಯರ ಜೀವನಚರಿತ್ರೆಗಳ ಓದನ್ನು ಕೆಡಿಸಿದೆಯೆಂದು ನಾವು ನಿಷ್ಠುರವಾಗಿ ಹೇಳಬೇಕಾಗಿದೆ.

ಓದುಗರೇ, ಆ ಗ್ರಂಥವು 1925ರಿಂದ 1929ರವರೆಗೆ 'ನವಜೀವನ' ವಾರಪತ್ರಿಕೆಯಲ್ಲಿ ಕಂತುಕಂತಾಗಿ ಬಂದಾಗ ಗಾಂಧೀಜಿ ದೇಶದ ನಾಯಕರು. ಬಾಲ್ಯದ ತಪ್ಪುಗಳನ್ನು ಮುಚ್ಚಿಟ್ಟಿದ್ದರೆ ಕೇಳುವವರಾರು? ಆದರೂ ಬರೆದರು. ಸುಮಾರು 25 ರೂಪಾಯಿಗಳ ಸಾಲ ತೀರಿಸಲು ಹದಿನೈದರ ಹುಡುಗ ಅಣ್ಣನ ತೋಳಬಂದಿಯಿಂದ ಚಿನ್ನದ ಚೂರೊಂದನ್ನು ಕದ್ದನು. ಸಾಲ ತೀರಿತು, ಸಂಕಟ ತೀರಲಿಲ್ಲ. ತಪ್ಪನ್ನು ಚೀಟಿಯಲ್ಲಿ ಬರೆದು, ತಕ್ಕ ಶಿಕ್ಷೆಯನ್ನೂ ಬೇಡಿ, ಕಾಯಿಲೆಯಿಂದ ಮಲಗಿದ್ದ ತಂದೆಯ ಕೈಗಿತ್ತು ನಡುಗುತ್ತ ಕುಳಿತನು. ತಂದೆ ಎದ್ದು ಕುಳಿತು ಓದಿದರು; ಕಣ್ಣೀರಿನಿಂದ ಕಾಗದ ತೊಯ್ದಿತು; ಹರಿದುಹಾಕಿ ಮತ್ತೆ ಮಲಗಿದರು. ಗದರಿಕೆಯಿಲ್ಲ, ಹೊಡೆತವಿಲ್ಲ. ಅಂದು ತಂದೆಯ ಪ್ರೀತಿಯೆಂದಷ್ಟೇ ತೋರಿದ್ದು ಶುದ್ಧ ಅಹಿಂಸೆಯೆಂದು ಮುಂದೆ ತಿಳಿಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಕಳವನ್ನು ಕತ್ತರಿಸಿದರೆ ಅಹಿಂಸೆಯ ಬೇರನ್ನೇ ಕತ್ತರಿಸಿದಂತಾಯಿತಲ್ಲವೆ? ಸಾರಸಂಗ್ರಹದಲ್ಲಿ ಉಳಿಯುವುದು ಹೂಮಾಲೆ ಹಾಕಿದ ಭಾವಚಿತ್ರ ಮಾತ್ರ. (ನಮ್ಮ ಮಠಗಳ ಸ್ಮರಣಸಂಚಿಕೆಗಳೂ ಈ ದೋಷಕ್ಕೆ ಹೊರತಲ್ಲ, ಕೆಲವಕ್ಕೆ ನಾವೇ ಮುನ್ನುಡಿ ಬರೆದಿದ್ದೇವೆ.)

ತಪ್ಪುಗಳನ್ನಷ್ಟೇ ಹೆಕ್ಕಿ ಚಪ್ಪರಿಸುವವರೂ ಇದ್ದಾರೆ. ಅವರದು ಓದೇ ಅಲ್ಲ.

ಇಡಿಯಾಗಿ ಓದುವುದೆಂದರೆ ಕಣ್ಣು ಮುಚ್ಚಿ ನಂಬುವುದೂ ಅಲ್ಲ. ಡರ್ಬನ್ನಿನ ಮನೆಯಲ್ಲಿ, ಪಂಚಮ ಕುಲದಿಂದ ಬಂದ ಗುಮಾಸ್ತನ ಮೂತ್ರಪಾತ್ರೆಯನ್ನು ಹೊರುವ ವಿಷಯದಲ್ಲಿ ಜಗಳವಾಗಿ, ಗಾಂಧೀಜಿ ಪತ್ನಿಯನ್ನು ಗೇಟಿನವರೆಗೆ ಎಳೆದೊಯ್ದರು. ನಾಚಿಕೊಂಡೇ ಬರೆದಿದ್ದಾರೆ. ಆದರೂ ಕಸ್ತೂರಬಾ ಅವರ ಕಣ್ಣೀರು ಅಲ್ಲಿ ನಮಗೆ ತಲಪುವುದು ಪತಿಯ ಲೇಖನಿಯಿಂದಲೇ. ಆದುದರಿಂದ ಅದರೊಡನೆ 19ನೆಯ ಶತಮಾನದ ಬಂಗಾಳದ ಗೃಹಿಣಿ ರಾಸಸುಂದರಿ ದೇವಿಯವರ 'ಆಮಾರ್ ಜೀಬನ್' ಕೃತಿಯ ಪರಿಚಯವೂ ಆಗಬೇಕು. ಹೆಣ್ಣು ಓದುವುದೇ ಅಪರಾಧವೆನಿಸಿದ್ದ ದಿನಗಳಲ್ಲಿ ಆಕೆ 'ಚೈತನ್ಯ ಭಾಗವತ'ದ ಹಾಳೆಯೊಂದನ್ನು ಅಡಿಗೆಮನೆಯಲ್ಲಿ ಬಚ್ಚಿಟ್ಟು, ಮಗನು ತಿದ್ದಿದ ತಾಳೆಗರಿಯ ಅಕ್ಷರಗಳೊಡನೆ ಹೋಲಿಸಿ ಹೋಲಿಸಿ ಓದು ಕಲಿತರು.

ಭಕ್ತರಿಗೆ ಉತ್ತರವನ್ನು ಬರೆಸಿದ್ದೇವೆ: ಪುಸ್ತಕವನ್ನು ತೆಗೆಯಿಸುವುದಿಲ್ಲ, ಇನ್ನೊಂದು ಪ್ರತಿಯನ್ನು ತರಿಸುತ್ತೇವೆ. ಹಳೆಯದರ ಹೊಲಿಗೆ ಬಿಚ್ಚಿಹೋಗಿದೆ, ಅದೂ ಆ ಕಳವಿನ ಅಧ್ಯಾಯದಲ್ಲಿಯೇ.