ಕೈಕೊಟ್ಟ ಬಂದೂಕು, ಕೇಳದೆ ಉಳಿದ ಪ್ರಶ್ನೆ

2019ರ ಆಗಸ್ಟ್ ತಿಂಗಳಲ್ಲಿ ಬಿಹಾರದ ಸುಪೌಲ್ ಜಿಲ್ಲೆಯಲ್ಲಿ ಮಾಜಿ ಮುಖ್ಯಮಂತ್ರಿ ಜಗನ್ನಾಥ ಮಿಶ್ರ ಅವರ ಅಂತ್ಯಸಂಸ್ಕಾರ ನಡೆಯಿತು. ಸರ್ಕಾರಿ ಗೌರವ ಸಲ್ಲಿಸಲು ಸಾಲಾಗಿ ನಿಂತಿದ್ದ ಪೊಲೀಸರು ರೈಫಲ್‌ಗಳನ್ನು ಆಕಾಶಕ್ಕೆ ಗುರಿಮಾಡಿ ಕುದುರೆ ಎಳೆದರು. ಒಂದೇ ಒಂದು ರೈಫಲ್ ಕೂಡ ಸಿಡಿಯಲಿಲ್ಲ. ಮುಖ್ಯಮಂತ್ರಿಯವರ ಎದುರಿನಲ್ಲೇ ನಡೆದ ಈ ದೃಶ್ಯವನ್ನು ದೇಶವೆಲ್ಲ ನೋಡಿ ನಕ್ಕಿತು.

ನನಗೆ ನಗು ಬರಲಿಲ್ಲ. ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್‌ನ ಒಕ್ಕಲು ಮನೆತನದಲ್ಲಿ ಹುಟ್ಟಿದ ನಾನು ಪೊಲೀಸ್ ಇಲಾಖೆ ಸೇರಿ, ಜಿಲ್ಲಾ ಸಶಸ್ತ್ರ ಪಡೆಯೊಂದರ ಶಸ್ತ್ರಾಗಾರದಲ್ಲಿ ಆರ್ಮರರ್ ಆಗಿ ವರ್ಷಗಳನ್ನು ಕಳೆದವನು. ಅಂದು ಖಾಲಿ ತೋಟಾಗಳ ಬದಲು ನಿಜವಾದ ತೋಟಾಗಳು, ಚಿತೆಯ ಬದಲು ಎದುರಾಳಿ ಇದ್ದಿದ್ದರೆ ಏನಾಗುತ್ತಿತ್ತು ಎಂಬುದೊಂದೇ ನನ್ನ ಮನಸ್ಸಿಗೆ ಬಂದ ಯೋಚನೆ.

ನಮ್ಮ ಪೊಲೀಸ್ ಪಡೆಗಳಲ್ಲಿ ದೀರ್ಘಕಾಲದಿಂದ ಬಳಕೆಯಲ್ಲಿರುವ ಅರೆಸ್ವಯಂಚಾಲಿತ ಬಂದೂಕು ಎಂದರೆ 7.62 ಮಿ.ಮೀ. ಎಸ್‌ಎಲ್‌ಆರ್. ಬೆಲ್ಜಿಯಂ ಮೂಲದ ಈ ವಿನ್ಯಾಸ ಪಶ್ಚಿಮ ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ ತಯಾರಾಗಿ ಮೊದಲು ಸೇನೆಗೆ, ಬಳಿಕ ಪೊಲೀಸರಿಗೆ ಬಂದಿತು. ಅದರ ಒಳಗುಟ್ಟು ಸರಳವಾದುದು. ಗುಂಡು ನಳಿಕೆಯಲ್ಲಿ ಸಾಗುವಾಗ ಅದರ ಹಿಂದಿನ ಬಿಸಿ ಅನಿಲದ ಒಂದು ಪಾಲು ಸಣ್ಣ ರಂಧ್ರದ ಮೂಲಕ ಮೇಲಿನ ಸಿಲಿಂಡರಿಗೆ ನುಗ್ಗಿ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ. ಪಿಸ್ಟನ್ನಿನ ಹೊಡೆತಕ್ಕೆ ಬೋಲ್ಟ್ ಹಿಂದೆ ಸರಿದು ಸುಟ್ಟ ಕೇಸನ್ನು ಹೊರಗೆಸೆಯುತ್ತದೆ. ಆಮೇಲೆ ಸ್ಪ್ರಿಂಗಿನ ಬಲದಿಂದ ಮುಂದೆ ಬರುವಾಗ ಮ್ಯಾಗಜಿನ್‌ನಿಂದ ಮತ್ತೊಂದು ತೋಟಾವನ್ನು ಎಳೆದು ಚೇಂಬರಿಗೆ ತುಂಬುತ್ತದೆ. ಇಷ್ಟೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿಯಬೇಕು. ಇವುಗಳಲ್ಲಿ ಒಂದು ಹೆಜ್ಜೆ ತಪ್ಪಿದರೂ ಬಂದೂಕು ಕಬ್ಬಿಣ ಕಟ್ಟಿದ ದೊಣ್ಣೆಯಾಗುತ್ತದೆ.

ಇದು ನನಗೆ ಬೇಗ ಅರ್ಥವಾದದ್ದು ನಮ್ಮಪ್ಪನ ಕೂರಿಗೆಯಿಂದ. ಎರೆಹೊಲದಲ್ಲಿ ಬಿತ್ತುವಾಗ ಹಸಿಮಣ್ಣು ಮೆತ್ತಿಕೊಂಡು ಕೂರಿಗೆಯ ಒಂದು ಕೊಳವೆ ಕಟ್ಟಿಕೊಳ್ಳುವುದುಂಟು. ಮೇಲಿನ ಬಟ್ಟಲಿಗೆ ಬೀಜ ಬೀಳುತ್ತಲೇ ಇರುತ್ತದೆ, ಎತ್ತುಗಳು ನಡೆಯುತ್ತಲೇ ಇರುತ್ತವೆ, ನೋಡುವವರಿಗೆ ಬಿತ್ತನೆ ಸಾಗಿದಂತೆಯೇ ಕಾಣುತ್ತದೆ. ಮೊಳಕೆ ಬಂದಾಗ ಒಂದು ಸಾಲು ಪೂರ್ತಿ ಬೋಳು! ಆಗ ಬೀಜವನ್ನು ಬೈದು ಫಲವಿಲ್ಲ. ಅದಕ್ಕೇ ಅಪ್ಪ ಪ್ರತಿ ಸಾಲಿನ ತುದಿಯಲ್ಲಿ ಕೂರಿಗೆಯನ್ನೆತ್ತಿ ಕೊಳವೆಗಳ ಬಾಯಿ ನೋಡಿಯೇ ತಿರುಗಿಸುತ್ತಿದ್ದರು.

ವಾರ್ಷಿಕ ಗುಂಡು ಹಾರಿಸುವ ಅಭ್ಯಾಸದ ದಿನವೊಂದು ನೆನಪಿದೆ. ಪೇದೆಯೊಬ್ಬನ ಎಸ್‌ಎಲ್‌ಆರ್ ಎರಡು ಮೂರು ಗುಂಡಿಗೊಮ್ಮೆ ನಿಂತುಬಿಡುತ್ತಿತ್ತು. ತೋಟಾದ ಮೂತಿ ಚೇಂಬರಿನ ಅಂಚಿಗೆ ತಾಗಿ ಬೋಲ್ಟ್ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಮೇಲಧಿಕಾರಿಗಳು ಅವನ ಹಿಡಿತವೇ ಸಡಿಲವೆಂದು ಎಲ್ಲರೆದುರು ಗದರಿಸಿದರು. 'ಗಟ್ಟಿಯಾಗೇ ಹಿಡದೀನ್ರೀ ಸರ್, ಇದು ನನ್ನ ಮಾತು ಕೇಳವಲ್ದು' ಎಂದು ಆ ಹುಡುಗ ತಲೆ ತಗ್ಗಿಸಿದ.

ನಾನು ಮಾಡಿದ್ದು ಇಷ್ಟೆ: ಅವನ ಮ್ಯಾಗಜಿನ್ನನ್ನು ಪಕ್ಕದವನ ರೈಫಲ್‌ಗೆ, ಪಕ್ಕದವನದನ್ನು ಅವನ ರೈಫಲ್‌ಗೆ ಹಾಕಿಸಿದೆ. ಮರುಕ್ಷಣವೇ ಅವನ ರೈಫಲ್ ಸಲೀಸಾಗಿ ಓಡಿತು, ಪಕ್ಕದವನದು ನಿಂತಿತು. ದೋಷ ಮ್ಯಾಗಜಿನ್‌ನದು. ಎಂದೋ ನೆಲಕ್ಕೆ ಬಿದ್ದು ಅದರ ತುಟಿ ಬಾಗಿತ್ತು, ತೋಟಾ ಸರಿಯಾದ ಕೋನದಲ್ಲಿ ಏಳುತ್ತಿರಲಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡು, ದೋಷ ಯಾವುದರ ಬೆನ್ನು ಹತ್ತಿ ಹೋಗುತ್ತದೆಯೋ ಅದೇ ಕಳ್ಳ. ನಮ್ಮ ವಿದ್ಯೆಯ ಮೊದಲ ಪಾಠವೇ ಇದು. ಆದರೆ ಮ್ಯಾಗಜಿನ್‌ಗಳಿಗೆ ಸಂಖ್ಯೆಯೇ ಇಲ್ಲದಿದ್ದರೆ, ಸಂಜೆ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಬೆರೆತುಹೋದರೆ, ಆ ಕಳ್ಳ ಮರುದಿನ ಇನ್ನಾರದೋ ಕೈಗೆ ಸಿಗುತ್ತಾನೆ.

ಅದೇ ದಿನ ಇನ್ನೊಂದು ರೈಫಲ್ ಪ್ರತಿ ಗುಂಡಿನ ನಂತರವೂ ಕೈಯಿಂದ ಕಾಕ್ ಮಾಡಿಸಿಕೊಳ್ಳುತ್ತಿತ್ತು. ಹಿಂದಿನ ದಿನ ಸ್ವಚ್ಛಗೊಳಿಸಿದವರು ಗ್ಯಾಸ್ ಪ್ಲಗ್ಗನ್ನು ತಿರುವುಮುರುವಾಗಿ ಕೂರಿಸಿದ್ದರು. ಗ್ರೆನೇಡ್ ಹಾರಿಸುವಾಗ ಅನಿಲದ ದಾರಿ ಮುಚ್ಚಲೆಂದು ಇರುವ ವ್ಯವಸ್ಥೆ ಅದು. ದಾರಿ ಮುಚ್ಚಿದ ಮೇಲೆ ಪಿಸ್ಟನ್ ಕದಲುವುದೆಂತು? ಮೂರನೆಯದರಲ್ಲಿ ಸಿಲಿಂಡರಿನೊಳಗೆ ಮಸಿ ಕಟ್ಟಿತ್ತು. ಅನಿಲವನ್ನು ಹೆಚ್ಚು ಕಡಿಮೆ ಮಾಡುವ ರೆಗ್ಯುಲೇಟರ್ ಬಿಗಿದು ಕೂತಿತ್ತು. ನಾಲ್ಕನೆಯದಕ್ಕೆ ಧಾರಾಳವಾಗಿ ಎಣ್ಣೆ ಸುರಿದಿದ್ದರು. ರಾಯಚೂರಿನ ಬೇಸಿಗೆಯಲ್ಲಿ ತೆರೆದ ಲಾರಿಯ ಮೇಲೆ ಊರೂರು ತಿರುಗುವ ಬಂದೂಕಿಗೆ ಅತಿಯಾದ ಎಣ್ಣೆ ರಕ್ಷಣೆಯಲ್ಲ, ಧೂಳಿಗೆ ಕೊಟ್ಟ ಆಮಂತ್ರಣ. ನಾಲ್ಕು ಬಂದೂಕು, ನಾಲ್ಕು ಕಾರಣ. ಆದರೆ ಅಂದಿನ ವರದಿಯಲ್ಲಿ ದಾಖಲಾದದ್ದು ಒಂದೇ ವಾಕ್ಯ: 'ಆಯುಧಗಳು ಹಳೆಯವು'.

ಈ ಒಂದು ವಾಕ್ಯದ ಸುಖಕ್ಕೆ ನಾವು ಒಗ್ಗಿಹೋಗಿದ್ದೇವೆ. 1999ರ ಕಾರ್ಗಿಲ್ ಸಮರದಲ್ಲಿ ಇನ್ಸಾಸ್ ರೈಫಲ್‌ನ ಪ್ಲಾಸ್ಟಿಕ್ ಮ್ಯಾಗಜಿನ್‌ಗಳು ಚಳಿಗೆ ಬಿರುಕು ಬಿಟ್ಟವೆಂಬ ದೂರು ಬಂದಿತು. 2005ರ ಆಗಸ್ಟ್‌ನಲ್ಲಿ ನೇಪಾಳದ ಕಾಲಿಕೋಟ್‌ನಲ್ಲಿ ಮಾವೊವಾದಿಗಳ ದಾಳಿಗೆ 40ಕ್ಕೂ ಹೆಚ್ಚು ಸೈನಿಕರು ಬಲಿಯಾದಾಗ ಅಲ್ಲಿನ ಸೇನೆ ಭಾರತದ ಇನ್ಸಾಸ್ ಕೈಕೊಟ್ಟಿತೆಂದಿತು. ಬಳಕೆ ಮತ್ತು ನಿರ್ವಹಣೆಯಲ್ಲೇ ಲೋಪವಿರಬಹುದೆಂದು ಭಾರತದ ಕಡೆಯವರು ಉತ್ತರಿಸಿದರು. ಒಬ್ಬರು ಯಂತ್ರವನ್ನು ದೂರಿದರು, ಇನ್ನೊಬ್ಬರು ಮನುಷ್ಯನನ್ನು. ಎರಡರ ನಡುವೆ ಇರುವ ತೋಟಾ, ಮ್ಯಾಗಜಿನ್, ಚಿಂದಿ, ಎಣ್ಣೆ, ಅಭ್ಯಾಸ ಇವುಗಳ ಲೆಕ್ಕವನ್ನು ಜನರ ಮುಂದೆ ಇಟ್ಟವರು ಯಾರು?

ಹಾಗೆ ಇಟ್ಟ ಉದಾಹರಣೆಯೊಂದು ಅಮೆರಿಕದಲ್ಲಿದೆ. ವಿಯೆಟ್ನಾಂ ಯುದ್ಧದಲ್ಲಿ ಹೊಸ ಎಂ-16 ರೈಫಲ್‌ಗಳು ನಡುಗಾಳಗದಲ್ಲಿ ಸಿಕ್ಕಿಹಾಕಿಕೊಂಡು ಯೋಧರು ಸತ್ತಾಗ, ಸೈನಿಕರು ಮನೆಗೆ ಬರೆದ ಪತ್ರಗಳು ಸಂಸತ್ತಿನ ಬಾಗಿಲು ಬಡಿದವು. ಇಚೋರ್ಡ್ ಅಧ್ಯಕ್ಷತೆಯ ಉಪಸಮಿತಿ 1967ರಲ್ಲಿ ವರದಿ ನೀಡಿತು. ತೋಟಾದ ಮದ್ದನ್ನು ಸಾಕಷ್ಟು ಪರೀಕ್ಷೆಯಿಲ್ಲದೆ ಬದಲಿಸಲಾಗಿತ್ತು. ಅದರಿಂದ ಬಂದೂಕಿನ ಓಟದ ವೇಗವೂ ಮಸಿಯೂ ಹೆಚ್ಚಿದ್ದವು. ಸ್ವಚ್ಛಗೊಳಿಸುವ ಸಲಕರಣೆ ಮತ್ತು ತರಬೇತಿ ಸೈನಿಕರಿಗೆ ಸರಿಯಾಗಿ ತಲುಪಿರಲಿಲ್ಲ. ಕಾರಣ ತಿಳಿದ ಮೇಲೆ ಪರಿಹಾರವೂ ಬಂತು: ಚೇಂಬರಿಗೆ ಕ್ರೋಮ್ ಲೇಪನ, ಸೈನಿಕರ ಕೈಗೆ ಸಲಕರಣೆ ಮತ್ತು ತರಬೇತಿ. ಹೆಸರು ಕೆಡಿಸಿಕೊಂಡಿದ್ದ ಅದೇ ಬಂದೂಕು ದಶಕಗಳ ಕಾಲ ಸೇವೆಯಲ್ಲಿ ಉಳಿಯಿತು.

ಹೊಸ ಬಂದೂಕು ಕೊಂಡರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಕೊಳ್ಳಬೇಕು ನಿಜ, ಸವೆದದ್ದನ್ನು ಪೂಜಿಸುತ್ತ ಕೂರಬೇಕೆಂದು ನಾನು ಹೇಳುವುದಿಲ್ಲ. ಸೇನೆ 2019ರಲ್ಲಿ ಅಮೆರಿಕದಿಂದ 72,400 ಸಿಗ್ ರೈಫಲ್‌ಗಳಿಗೆ ಒಪ್ಪಂದ ಮಾಡಿಕೊಂಡಿತು. ಅಮೇಠಿ ಜಿಲ್ಲೆಯ ಕೊರ್ವಾದಲ್ಲಿ ಎಕೆ-203 ತಯಾರಾಗುತ್ತಿದೆ. ಆದರೆ ಬಾಗಿದ ತುಟಿಯ ಮ್ಯಾಗಜಿನ್ ಹೊಸ ಬಂದೂಕನ್ನೂ ನಿಲ್ಲಿಸುತ್ತದೆ. ಖರೀದಿಗೆ ಉದ್ಘಾಟನೆಯಿದೆ, ಛಾಯಾಚಿತ್ರವಿದೆ. ಚಿಂದಿ ಬಟ್ಟೆಗೆ ಯಾವ ಸಮಾರಂಭವಿದೆ?

2008ರ ಮುಂಬೈ ದಾಳಿಯ ತರುವಾಯ ರಾಮ್ ಪ್ರಧಾನ್ ಸಮಿತಿ, ತೋಟಾಗಳ ಕೊರತೆಯಿಂದ ಪೊಲೀಸರ ಅಭ್ಯಾಸವೇ ಸೊರಗಿದ್ದನ್ನು ಎತ್ತಿ ತೋರಿಸಿತು. ಅಭ್ಯಾಸದಲ್ಲಿ ಕೆಟ್ಟ ಬಂದೂಕು ಪಾಠ ಕಲಿಸುತ್ತದೆ, ಅಭ್ಯಾಸವೇ ಇಲ್ಲದಿದ್ದರೆ ಅದು ಮೊದಲ ಬಾರಿ ಕೆಡುವುದು ಆಪತ್ತಿನ ದಿನವೇ. ನಮ್ಮಲ್ಲೂ 2005ರ ಫೆಬ್ರುವರಿಯಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಬೀಡುಬಿಟ್ಟಿದ್ದ ಮೀಸಲು ಪೊಲೀಸರ ಮೇಲೆ ನಕ್ಸಲರು ರಾತ್ರಿ ಎರಗಿದರು. ಅಂದು ಬಂದೂಕು ಕೆಟ್ಟಿತ್ತೆಂಬುದು ನನ್ನ ವಾದವಲ್ಲ. ಅಂಥ ರಾತ್ರಿಯಲ್ಲಿ ಪಹರೆಯವನಿಗೆ ದೊರೆಯುವುದು ಕೆಲವೇ ಕ್ಷಣ, ಆ ಕ್ಷಣಗಳನ್ನು ಕಟ್ಟಿಕೊಂಡ ಬೋಲ್ಟ್‌ನೊಂದಿಗೆ ಗುದ್ದಾಡುತ್ತ ಆತ ಕಳೆಯಬಾರದು ಎನ್ನುವುದಷ್ಟೇ ನನ್ನ ಮಾತು.

ಆಗಬೇಕಾದದ್ದು ದುಬಾರಿಯೇನಲ್ಲ. ಪ್ರತಿ ಮ್ಯಾಗಜಿನ್‌ಗೂ ಸಂಖ್ಯೆ ಇರಲಿ. ಪ್ರತಿ ರೈಫಲ್‌ಗೂ ಒಂದು ಪುಸ್ತಕವಿರಲಿ. ಎಂದು, ಎಷ್ಟನೇ ಗುಂಡಿಗೆ, ಹೇಗೆ ನಿಂತಿತು, ತೋಟಾ ಏರಲಿಲ್ಲವೋ, ಕೇಸು ಹೊರಬರಲಿಲ್ಲವೋ ಎಂಬುದನ್ನು ಅದರಲ್ಲಿ ಬರೆಯಲಿ. ಆರ್ಮರರ್ ಹುದ್ದೆಯನ್ನು ಬೇಡವಾದವರನ್ನು ಕೂರಿಸುವ ಮೂಲೆಯೆಂದು ಕಾಣದೆ ತರಬೇತಿ ಕೊಡಲಿ. ಎಲ್ಲಕ್ಕಿಂತ ಮುಖ್ಯವಾಗಿ, 'ನನ್ನ ಬಂದೂಕು ನಿಂತಿತು' ಎಂದು ಹೇಳಿದ ಪೇದೆಗೆ ಶಿಕ್ಷೆಯಾಗಬಾರದು. ಹೇಳಿದರೆ ಬೈಗುಳ ಎಂದಾದರೆ ಆತ ಮೌನವಾಗಿ ಅದನ್ನು ಶಸ್ತ್ರಾಗಾರಕ್ಕೆ ಒಪ್ಪಿಸಿ ಹೋಗುತ್ತಾನೆ, ದೋಷವೂ ಅದರೊಂದಿಗೆ ಗೂಡು ಸೇರುತ್ತದೆ.

ಅಂದು ತಲೆ ತಗ್ಗಿಸಿ ನಿಂತ ಆ ಹುಡುಗನ ಕ್ಷಮೆಯನ್ನು ಯಾರೂ ಕೇಳಲಿಲ್ಲ. ಮ್ಯಾಗಜಿನ್ ಬದಲಾಯಿತು, ವರದಿ ಬದಲಾಗಲಿಲ್ಲ. ಕೊಳವೆ ಕಟ್ಟಿದ್ದನ್ನು ಸಾಲಿನ ತುದಿಯಲ್ಲೇ ನೋಡಿಕೊಳ್ಳುವ ಎಚ್ಚರ ಅಕ್ಷರ ಬಾರದ ನಮ್ಮಪ್ಪನಿಗಿತ್ತು. ಕೋಟಿಗಟ್ಟಲೆ ಖರ್ಚು ಮಾಡುವ ಇಲಾಖೆಗಳಿಗೆ ಅಷ್ಟು ಎಚ್ಚರವನ್ನು ಕೇಳುವುದು ಹೆಚ್ಚಾಯಿತೇ?