ಕೊನೆಯ ಉಕಾರಕ್ಕೆ ನಾವೇಕೆ ನಾಚಬೇಕು?

‘ಬಸ್ಸು’, ‘ಕಾರು’, ‘ಪೆನ್ನು’ ಎನ್ನುವ ತಂದೆತಾಯಂದಿರನ್ನು ಹ್ಯಾರೋದಲ್ಲೋ ಹೌನ್ಸ್ಲೋದಲ್ಲೋ ಬೆಳೆದ ಮಕ್ಕಳು ತಿದ್ದುವುದು ನಮ್ಮ ಮನೆಗಳಲ್ಲಿ ಅಪರೂಪವೇನಲ್ಲ. ಆ ತಿದ್ದುಪಡಿಯನ್ನು ನಗುತ್ತಲೇ ಒಪ್ಪಿಕೊಳ್ಳುತ್ತೇವೆ, ಒಳಗೊಳಗೇ ಕುಗ್ಗುತ್ತೇವೆ. ಈ ಕೀಳರಿಮೆಗೆ ಭಾಷಾಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲ. ಅದರ ಬೇರುಗಳಿರುವುದು ಅಧಿಕಾರದಲ್ಲಿ.

ಹಳಗನ್ನಡದಲ್ಲಿ ‘ಕಲ್’, ‘ಕಣ್’, ‘ಕಾಲ್’, ‘ಪಾಲ್’ ಮುಂತಾದ ವ್ಯಂಜನಾಂತ ಪದಗಳಿದ್ದವು. ಕಾಲಕ್ರಮದಲ್ಲಿ ಅವುಗಳ ಕೊನೆಗೆ ಉಕಾರ ಬಂದು ಸೇರಿತು. ಹ್ರಸ್ವಸ್ವರದ ‘ಕಲ್’ ದ್ವಿತ್ವ ಪಡೆದು ‘ಕಲ್ಲು’ ಆಯಿತು. ದೀರ್ಘಸ್ವರದ ‘ಕಾಲ್’ಗೆ ಆ ಅಗತ್ಯ ಬೀಳಲಿಲ್ಲ, ಅದು ‘ಕಾಲು’ ಆಯಿತು. ಎರಡರಲ್ಲೂ ಮೊದಲ ಅಕ್ಷರ ಗುರುವಾಗಿಯೇ ಉಳಿಯಿತು. ಶತಮಾನಗಳ ನಂತರ ಇಂಗ್ಲಿಷ್ ಪದಗಳು ಬಂದಾಗಲೂ ಕನ್ನಡದ ನಾಲಿಗೆ ಇದೇ ನಿಯಮವನ್ನು ಪಾಲಿಸಿತು: ‘ಬಸ್ಸು’, ‘ಪೆನ್ನು’ಗಳಲ್ಲಿ ದ್ವಿತ್ವ, ‘ಕಾರು’, ‘ರೋಡು’ಗಳಲ್ಲಿ ಇಲ್ಲ. ಶಾಲೆಯ ಮೆಟ್ಟಿಲು ಹತ್ತದವರೂ ‘ಬಸು’ ಎಂದಾಗಲಿ ‘ಕಾರ್ರು’ ಎಂದಾಗಲಿ ಹೇಳುವುದಿಲ್ಲ. ಇಷ್ಟು ಕಟ್ಟುನಿಟ್ಟಾಗಿ ನಡೆಯುವುದನ್ನು ತಪ್ಪು ಎನ್ನಲಾಗದು, ಅದು ವ್ಯಾಕರಣ.

ಈ ಮಾತಿಗೆ ಲಂಡನ್ನಿನಲ್ಲೇ ಒಂದು ಕುತೂಹಲಕರ ಸಮರ್ಥನೆಯಿದೆ. 1990ರಲ್ಲಿ ಬ್ಲೂಮ್ಸ್‌ಬರಿಯ ಸೋಯಾಸ್‌ನಲ್ಲಿದ್ದ ಧ್ವನಿವಿಜ್ಞಾನಿ ಜೊನಾಥನ್ ಕೇ ಹೊಸದೊಂದು ವಾದ ಮಂಡಿಸಿದರು: ಪದಾಂತ್ಯದ ವ್ಯಂಜನ ಹಿಂದಿನ ಅಕ್ಷರದ ಬಾಲವಲ್ಲ, ಅದು ಮುಂದಿನದೊಂದು ಅಕ್ಷರದ ಆರಂಭ, ಆ ಅಕ್ಷರದ ಸ್ವರಸ್ಥಾನ ಮಾತ್ರ ಖಾಲಿಯಾಗಿರುತ್ತದೆ. ಈ ವಾದವನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಆದರೆ ಒಪ್ಪಿದರೆ, ಇಂಗ್ಲಿಷ್ ಮೌನವಾಗಿಡುವ ಸ್ಥಾನದಲ್ಲಿ ಕನ್ನಡ ಉಕಾರವನ್ನು ನುಡಿಯುತ್ತದೆ ಎನ್ನಬೇಕಾಗುತ್ತದೆ. ಎರಡು ಭಾಷೆಗಳ ನಡುವಿನ ಅಂತರ ಆಗ ಬಹಳ ಕಿರಿದು.

ಪದದ ಒತ್ತಿನ ವಿಷಯದಲ್ಲಿ ಅಂತರ ಹಿರಿದು. ಇಂಗ್ಲಿಷಿನ ‘ರೆಕಾರ್ಡ್’ ನಾಮಪದವಾದಾಗ ಒತ್ತು ಮೊದಲ ಅಕ್ಷರದ ಮೇಲೆ, ಕ್ರಿಯಾಪದವಾದಾಗ ಎರಡನೆಯದರ ಮೇಲೆ. ಒತ್ತಿಲ್ಲದ ಸ್ವರ ಸೊರಗುತ್ತದೆ. ಕನ್ನಡದಲ್ಲಿ ಒತ್ತು ಅರ್ಥವನ್ನು ಬದಲಿಸದು; ಇಲ್ಲಿ ಲೆಕ್ಕಕ್ಕೆ ಬರುವುದು ಲಘು–ಗುರುಗಳ ತೂಕ, ಪ್ರತಿ ಸ್ವರಕ್ಕೂ ಅದರ ಪೂರ್ಣ ಮರ್ಯಾದೆ. ಹೀಗಾಗಿ ನಮ್ಮ ಇಂಗ್ಲಿಷ್ ಇಲ್ಲಿಯವರಿಗೆ ಬೇರೆಯಾಗಿ ಕೇಳಿಸುತ್ತದೆ. ‘ಕವನ’ ಎಂಬ ನಮ್ಮ ಹುಡುಗಿ ಅವರ ಬಾಯಲ್ಲಿ, ‘ಬನಾನ’ದ ಎರಕದಲ್ಲಿ, ‘ಕವಾನ’ ಆಗುತ್ತಾಳೆ. ಎರಡೂ ಕಡೆ ನಡೆಯುವುದು ಒಂದೇ ಕ್ರಿಯೆ: ಕೇಳಿದ್ದನ್ನು ತಾಯ್ನುಡಿಯ ಅಚ್ಚಿಗೆ ಹಾಕುವುದು. ಆದರೆ ಅವರದು ಸಹಜ, ನಮ್ಮದು ದೋಷ ಎಂದು ಎಣಿಸಲಾಗುತ್ತದೆ.

ಈ ಎಣಿಕೆಗೆ ಒಂದು ಇತಿಹಾಸವಿದೆ. ಯೂನಿವರ್ಸಿಟಿ ಕಾಲೇಜಿನ ಡೇನಿಯಲ್ ಜೋನ್ಸ್ 1917ರ ತಮ್ಮ ಉಚ್ಚಾರಣಾ ನಿಘಂಟಿಗೆ ಆರಿಸಿಕೊಂಡದ್ದು, ದಕ್ಷಿಣ ಇಂಗ್ಲೆಂಡಿನ ಪ್ರತಿಷ್ಠಿತ ವಸತಿಶಾಲೆಗಳಲ್ಲಿ ಗಂಡಸರನ್ನು ಓದಿಸಿದ ಕುಟುಂಬಗಳ ಮಾತನ್ನು. ಒಂದು ವರ್ಗದ ಉಚ್ಚಾರಣೆ ಹೀಗೆ ಜಗತ್ತಿಗೆಲ್ಲ ಮಾದರಿಯಾಯಿತು. ಕ್ವೀನ್ ಮೇರಿ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ಇತ್ತೀಚೆಗೆ ನಡೆದ ಉಚ್ಚಾರಣಾ ಪೂರ್ವಗ್ರಹದ ಅಧ್ಯಯನವು, ಉಚ್ಚಾರಣೆಗಳ ಮೇಲುಕೀಳಿನ ಏಣಿ ಅರ್ಧ ಶತಮಾನದಲ್ಲಿ ಹೆಚ್ಚೇನೂ ಬದಲಾಗಿಲ್ಲವೆಂದು ತೋರಿಸಿದೆ. 2010ರ ಸಮಾನತಾ ಕಾಯ್ದೆ ರಕ್ಷಿಸುವ ಒಂಬತ್ತು ಲಕ್ಷಣಗಳಲ್ಲಿ ಉಚ್ಚಾರಣೆಗೆ ಸ್ವತಂತ್ರ ಸ್ಥಾನವಿಲ್ಲ. ನ್ಯಾಯ ಕೇಳುವವರು ಅದನ್ನು ಜನಾಂಗ ಅಥವಾ ರಾಷ್ಟ್ರೀಯ ಮೂಲದೊಂದಿಗೆ ಜೋಡಿಸಿ ತೋರಿಸಬೇಕು.

ಮಾತು ಅರ್ಥವಾಗಬೇಡವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಒತ್ತು ತಪ್ಪಿದರೆ ಇಂಗ್ಲಿಷ್ ಕಿವಿ ನಿಜಕ್ಕೂ ಎಡವುತ್ತದೆ. ಆಸ್ಪತ್ರೆಯಲ್ಲೋ ನ್ಯಾಯಾಲಯದಲ್ಲೋ ಅದರ ಬೆಲೆ ದೊಡ್ಡದು. ಆದ್ದರಿಂದ ಒತ್ತಿನ ನಿಯಮಗಳನ್ನು ಕಲಿಯೋಣ, ಹೊಸ ಊರಿನ ದಾರಿಗಳನ್ನು ಕಲಿಯುವ ಹಾಗೆ. ಆದರೆ ಅರ್ಥವಾಗುವ ಮಾತನ್ನೂ ‘ಸಂವಹನ ಕೌಶಲ ಸಾಲದು’ ಎಂದು ತಳ್ಳಿಹಾಕುವಾಗ ಸುಮ್ಮನಿರಬಾರದು. ಯಾವ ವಾಕ್ಯ ಅರ್ಥವಾಗಲಿಲ್ಲವೆಂದು ಕೇಳಬೇಕು, ಉತ್ತರವನ್ನು ಬರಹದಲ್ಲಿ ಪಡೆಯಬೇಕು, ಕಾರ್ಮಿಕ ಸಂಘದ ಮುಂದೆ ಇಡಬೇಕು.

ಇಷ್ಟನ್ನು ಹೇಳುವ ಹಕ್ಕು ನಮಗೆ ಬರಬೇಕಾದರೆ ನಮ್ಮ ಅಂಗಳವನ್ನೂ ಗುಡಿಸಬೇಕು. ‘ಇಸ್ಕೂಲು’ ಎಂದವರನ್ನು, ‘ಹಾಸನ’ವನ್ನು ‘ಆಸನ’ ಎಂದವರನ್ನು ನಗೆಪಾಟಲು ಮಾಡಿದ ಸಮಾಜ ನಮ್ಮದು. ‘ಇಸ್ಕೂಲು’ ಪದಾದಿಯ ಒತ್ತಕ್ಷರವನ್ನು ಬಿಡಿಸುತ್ತದೆ, ‘ಬಸ್ಸು’ ಪದಾಂತ್ಯದ ವ್ಯಂಜನಕ್ಕೆ ಆಸರೆ ಕೊಡುತ್ತದೆ. ಎರಡೂ ಅಕ್ಷರರಚನೆಯ ಕೆಲಸವೇ. ಒಂದಕ್ಕೆ ನಗು, ಇನ್ನೊಂದಕ್ಕೆ ಮನ್ನಣೆ ಸಿಕ್ಕಿದ್ದು ಆಡುವವರ ಜಾತಿ, ವರ್ಗಗಳನ್ನು ನೋಡಿ. ಊರಲ್ಲಿ ಆ ನಗುವಿನ ಮೇಲ್ಗಡೆಯಿದ್ದವರು ಇಲ್ಲಿ ಅದರ ಕೆಳಗೆ ನಿಂತಿದ್ದೇವೆ. ವಾರಾಂತ್ಯದ ಕನ್ನಡ ತರಗತಿಗಳಲ್ಲಿ ಮಕ್ಕಳಿಗೆ ‘ಶುದ್ಧ’ ಉಚ್ಚಾರಣೆಯನ್ನು ಬೋಧಿಸುವ ಮುನ್ನ, ‘ಕಲ್ಲು’ ಮತ್ತು ‘ಬಸ್ಸು’ಗಳನ್ನು ಬೆಸೆದ ಈ ನಿಯಮವನ್ನು ಹೇಳಿಕೊಡೋಣ. ತಿಳಿದ ಮಕ್ಕಳು ಇಲ್ಲಿ ಅಪ್ಪ ಅಮ್ಮನನ್ನೂ, ಅಲ್ಲಿ ‘ಇಸ್ಕೂಲು’ ಎನ್ನುವವರನ್ನೂ ನೋಡಿ ನಗಲಾರರು.